ಗುಂಪು ಚಿಕಿತ್ಸೆಗೆ ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಹೊತ್ತಿಗೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಜಾಥಾ, ಭಾಷಣ, ತಪಾಸಣಾ ಶಿಬಿರಗಳು ನಡೆಯುತ್ತವೆ. ಅವು ಬೇಡವೆಂದು ನಾನು ಹೇಳುವುದಿಲ್ಲ. ‘ಹುಚ್ಚರ ದವಾಖಾನಿ’ ಎಂದರೆ ಸಾಕು ಮುಖ ತಿರುಗಿಸುತ್ತಿದ್ದ ಜನ ಇಂದು ಶಿಬಿರಕ್ಕೆ ಬಂದು ತಾವಾಗಿಯೇ ಹೆಸರು ಬರೆಸುತ್ತಾರೆಂದರೆ ಅದು ಸಣ್ಣ ಬದಲಾವಣೆಯಲ್ಲ. ಆದರೆ ಈಚೆಗೆ ಅಂಥದೇ ಒಂದು ಸಭೆಯಲ್ಲಿ ಕಂಡದ್ದು, ಕೇಳಿದ್ದು ಈ ಪತ್ರಕ್ಕೆ ಕಾರಣವಾಗಿದೆ. ‘ಸಾಮೂಹಿಕ ಮನೋಚಿಕಿತ್ಸೆ’ ಎಂದು ಬ್ಯಾನರು ಕಟ್ಟಿದ್ದ ಆ ಸಭೆಯಲ್ಲಿ ಹೆಚ್ಚುಕಡಿಮೆ 200 ಮಂದಿಯನ್ನು ಸಾಲು ಕುರ್ಚಿಗಳಲ್ಲಿ ಕೂರಿಸಿ ಒಂದೂವರೆ ತಾಸು ಉಪನ್ಯಾಸ ಮಾಡಲಾಯಿತು. ಕೊನೆಯಲ್ಲಿ ಮಾತನಾಡಿದವರೊಬ್ಬರು, ಮನೋವೈದ್ಯರ ಕೊರತೆ ಇರುವ ನಮ್ಮಂಥ ಜಿಲ್ಲೆಗಳಿಗೆ ಇದು ಅಗ್ಗದ ದಾರಿಯೆಂದೂ, ಒಬ್ಬೊಬ್ಬರನ್ನೇ ನೋಡುವಷ್ಟು ವೈದ್ಯರು ಬರುವ ತನಕ ಹೀಗೆ ಗುಂಪಿನಲ್ಲೇ ನಿಭಾಯಿಸಿಕೊಂಡು ಹೋಗಬೇಕೆಂದೂ ಹೇಳಿದರು. ಅವರ ಕಳಕಳಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ: ಕೆಲವೇ ರೋಗಿಗಳು ಒಟ್ಟಿಗೆ ಕುಳಿತು ತಮ್ಮ ಕಷ್ಟವನ್ನು ತಾವೇ ಮಾತಾಡಿಕೊಳ್ಳುವುದು ಗುಂಪು ಚಿಕಿತ್ಸೆ, ಭಾಷಣವನ್ನೇ ಅದೆಂದುಕೊಂಡದ್ದು ಒಂದು, ಗುಂಪು ಚಿಕಿತ್ಸೆಯೆಂದರೆ ಬಡವರಿಗೆ ಮೀಸಲಾದ ಎರಡನೇ ದರ್ಜೆಯ ಚಿಕಿತ್ಸೆ ಎಂದುಕೊಂಡದ್ದು ಇನ್ನೊಂದು. ಈ ಚಿಕಿತ್ಸೆ ಬೆಳೆದುಬಂದ ನೂರು ವರ್ಷಕ್ಕೂ ಮೀರಿದ ಚರಿತ್ರೆಯನ್ನು ಓದಿದವರಿಗೆ ಈ ಎರಡೂ ನಿಲ್ಲುವ ಮಾತುಗಳಲ್ಲವೆಂದು ಗೊತ್ತಾಗುತ್ತದೆ.

ನಾನು ಮನೋರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿ ಈ ಭಾಗದ ಬೇರೆ ಬೇರೆ ಕಡೆ ದುಡಿದು ನಿವೃತ್ತಳಾದವಳು. ರೋಗಿಯನ್ನು ಕರೆದುಕೊಂಡು ಹೈದರಾಬಾದಿನ ಎರ್ರಗಡ್ಡಕ್ಕೋ ಸೊಲ್ಲಾಪುರಕ್ಕೋ ಧಾರವಾಡಕ್ಕೋ ಹೋಗಿಬಂದು, ಎರಡು ತಿಂಗಳ ಗುಳಿಗೆ ಮುಗಿದ ಮೇಲೆ ಮತ್ತೆ ಹೋಗಲು ಕೈಯಲ್ಲಿ ದುಡ್ಡಿಲ್ಲದೆ ಸುಮ್ಮನಾಗುತ್ತಿದ್ದ ಮನೆಗಳನ್ನು ನೋಡುತ್ತಲೇ ನನ್ನ ಸೇವಾವಧಿ ಕಳೆಯಿತು. ಆದ್ದರಿಂದ ಕೊರತೆ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಬೇರೆ ಬೇರೆ ಕಾಯಿಲೆಗಳನ್ನು ಹಿಡಿದು ನೋಡಿದರೆ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ದೊರೆತಿಲ್ಲ.

ಗುಂಪು ಚಿಕಿತ್ಸೆ ಹುಟ್ಟಿದ್ದು ಕೊರತೆಯಿಂದಲೇ, ಅದು ನಿಜ. ಹುಟ್ಟಿದ್ದು ಮನೋರೋಗಕ್ಕಾಗಿ ಅಲ್ಲ, ಕ್ಷಯಕ್ಕಾಗಿ. ಅಮೆರಿಕದ ಬಾಸ್ಟನ್ ನಗರದಲ್ಲಿ 1905ರ ಜುಲೈನಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳಿಗಾಗಿ ಒಂದು ‘ತರಗತಿ’ ಆರಂಭಿಸಿದರು. ಆಗ ಕ್ಷಯಕ್ಕೆ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಗುಣವಾಗಬೇಕಾದರೆ ಬೆಟ್ಟದ ಮೇಲಿನ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಇದ್ದು ವಿಶ್ರಾಂತಿ, ಶುದ್ಧ ಗಾಳಿ, ಒಳ್ಳೆಯ ಊಟ ಪಡೆಯಬೇಕಿತ್ತು, ಅದು ಕೂಲಿಕಾರರ ಕೈಗೆಟುಕುವಂಥದ್ದಲ್ಲ. ಒಂದು ಚರ್ಚಿನ ಧನಸಹಾಯ ಪಡೆದು ಪ್ರ್ಯಾಟ್ ಆ ಆರೋಗ್ಯಧಾಮವನ್ನು ರೋಗಿಗಳ ಮನೆಗೇ ತಂದರು. ರೋಗಿ ಮಾಳಿಗೆಯ ಮೇಲೋ ಪಡಸಾಲೆಯಲ್ಲೋ ಬಯಲ ಗಾಳಿಗೆ ಮಲಗಬೇಕು. ಎಷ್ಟು ತಾಸು ವಿಶ್ರಾಂತಿ, ಏನು ಊಟ, ಮೈ ಎಷ್ಟು ಬಿಸಿ ಎಂಬುದನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ನರ್ಸ್ ಮನೆಗೆ ಬಂದು ನೋಡುತ್ತಾಳೆ. ವಾರಕ್ಕೊಮ್ಮೆ ಎಲ್ಲರೂ ಆ ಪುಸ್ತಕ ಹಿಡಿದು ಆಸ್ಪತ್ರೆಯಲ್ಲಿ ಸೇರಬೇಕು. ಒಂದು ತರಗತಿಗೆ 25 ಜನ ಮೀರುವಂತಿರಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬುದ್ಧಿ ಹೇಳುವ ಸಮಯ ಉಳಿಯಲೆಂದು ಅವರು ಈ ವ್ಯವಸ್ಥೆ ಮಾಡಿದ್ದರು. ಆದರೆ ಕಣ್ಣಿಗೆ ಬಿದ್ದದ್ದೇ ಬೇರೆ. ತೂಕ ಹೆಚ್ಚಿಸಿಕೊಂಡವನನ್ನು ಕಂಡು ಪಕ್ಕದವನ ಮುಖ ಅರಳುತ್ತಿತ್ತು. ಜನಾಂಗ ಬೇರೆ, ಪಂಥ ಬೇರೆ ಇದ್ದ ಜನ ಒಂದೇ ಕಾಯಿಲೆಯ ನಂಟಿನಿಂದ ಒಬ್ಬರಿಗೊಬ್ಬರು ಹತ್ತಿರವಾಗುತ್ತಿದ್ದರು. ವೈದ್ಯರ ಮಾತಿಗಿಂತ ಗುಣಮುಖನಾಗುತ್ತಿರುವ ಇನ್ನೊಬ್ಬ ರೋಗಿಯ ಮಾತು ಹೆಚ್ಚು ನಾಟುತ್ತಿತ್ತು. ಈ ಸ್ನೇಹವೇ ಚಿಕಿತ್ಸೆಯ ಒಂದು ಭಾಗವೆಂದು ಪ್ರ್ಯಾಟ್ ಅರಿತರು. ಮುಂದೆ 1930ರಲ್ಲಿ, ದೇಹದಲ್ಲಿ ದೋಷವೇನೂ ಕಾಣದಿದ್ದರೂ ನೋವು, ಸುಸ್ತು ಎಂದು ಬರುತ್ತಿದ್ದವರಿಗಾಗಿಯೇ ಇನ್ನೊಂದು ತರಗತಿ ತೆರೆದರು.

ನಮ್ಮ ಒಪಿಡಿಗಳಲ್ಲಿ ‘ಎದಿ ಉರಿತದ, ತಲಿ ತಿರುಗತದ, ನಿದ್ದಿ ಹತ್ತಂಗಿಲ್ಲ’ ಎಂದು ಹೇಳಿ ಇಸಿಜಿ, ರಕ್ತಪರೀಕ್ಷೆ ಎಲ್ಲ ಸರಿಯಿದೆ ಎಂಬ ಚೀಟಿ ಹಿಡಿದು ಹಿಂದಿರುಗುವ ಹೆಂಗಸರನ್ನು ಕಂಡವರಿಗೆ ಆ ಎರಡನೆಯ ತರಗತಿಗೆ ಯಾರು ಬರುತ್ತಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪ್ರ್ಯಾಟ್ ನಂತರದ ಕೆಲವರು ಉಪನ್ಯಾಸವನ್ನೇ ಮುಂದುವರಿಸಿದರು. ಎಡ್ವರ್ಡ್ ಲಝೆಲ್ ಮೊದಲ ಮಹಾಯುದ್ಧದ ನಂತರ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಇಂದು ಸ್ಕಿಜೋಫ್ರೇನಿಯಾ ಎಂದು ಕರೆಯುವ ಕಾಯಿಲೆಯವರಿಗೆ ಗುಂಪಿನಲ್ಲಿ ಪಾಠ ಹೇಳಿದರು. ಪಾದ್ರಿಯಾಗಿದ್ದು ಮನೋವೈದ್ಯರಾದ ಕೋಡಿ ಮಾರ್ಷ್ ಶಾಲೆಯ ಹಾಗೆಯೇ ತರಗತಿ ನಡೆಸಿದರು. ಜನಸಮೂಹದಿಂದ ಮುರಿದುಹೋದವರು ಜನಸಮೂಹದಿಂದಲೇ ಕೂಡಿಕೊಳ್ಳಬೇಕೆಂಬ ಮಾರ್ಷ್ ಅವರ ನಂಬಿಕೆ ದೊಡ್ಡದು. ಆದರೂ ಅಲ್ಲಿ ಮಾತನಾಡುತ್ತಿದ್ದವರು ವೈದ್ಯರು, ಕೇಳುತ್ತಿದ್ದವರು ರೋಗಿಗಳು. ನಮ್ಮ ಶಿಬಿರಗಳು ಇಂದಿಗೂ ಅಲ್ಲಿಯೇ ನಿಂತಿವೆ. ಪ್ರ್ಯಾಟ್ ಇಡಿಸುತ್ತಿದ್ದ ದಿನಚರಿ ಪುಸ್ತಕವಾಗಲಿ, ಮನೆ ಭೇಟಿಯಾಗಲಿ, ಮುಂದಿನ ವಾರ ಮತ್ತೆ ಸೇರುವುದಾಗಲಿ ಇಲ್ಲದಿರುವುದರಿಂದ ಅಲ್ಲಿಗೂ ತಲುಪಿಲ್ಲವೆಂದೇ ಹೇಳಬೇಕು.

ಮಾತು ವೈದ್ಯರ ಬಾಯಿಂದ ಗುಂಪಿನ ಬಾಯಿಗೆ ದಾಟಿದ್ದು ಹೇಗೆಂಬುದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಟ್ರಿಗಂಟ್ ಬರೋ ಎಂಬ ಅಮೆರಿಕದ ಮನೋವಿಶ್ಲೇಷಕರ ಬಳಿ ಕ್ಲಾರೆನ್ಸ್ ಶೀಲ್ಡ್ಸ್ ಎಂಬ ಶಿಷ್ಯನಿದ್ದ. ಒಬ್ಬನು ಬಿಚ್ಚಿಡುವುದು, ಇನ್ನೊಬ್ಬನು ಮೇಲೆ ಕುಳಿತು ತೂಗಿ ನೋಡುವುದು ಎಂಬ ಈ ಏರ್ಪಾಟಿನಲ್ಲೇ ಅಪ್ರಾಮಾಣಿಕತೆ ಇದೆಯೆಂದು ಆತ 1918ರ ಸುಮಾರಿಗೆ ಗುರುವಿಗೆ ನೇರವಾಗಿ ಹೇಳಿ, ಇಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳೋಣವೆಂದು ಕೇಳಿದ. ಬರೋ ಒಪ್ಪಿದರು. ರೋಗಿಯ ಸ್ಥಾನದಲ್ಲಿ ಕುಳಿತಾಗ ತಮ್ಮೊಳಗೂ ಶಿಷ್ಯನಲ್ಲಿದ್ದಷ್ಟೇ ಹಟ, ಅಷ್ಟೇ ಮರೆಮಾಚುವಿಕೆ ಇರುವುದು ಅವರಿಗೆ ಕಂಡಿತು. ಶಿಷ್ಯನಿಗೂ, ಅಧಿಕಾರದ ಕುರ್ಚಿ ಸಿಕ್ಕರೆ ತಾನೂ ಹಾಗೆಯೇ ವರ್ತಿಸುತ್ತೇನೆಂದು ಕಂಡಿತು. ಹಾಗಾದರೆ ಕಾಯಿಲೆ ಒಬ್ಬ ವ್ಯಕ್ತಿಯೊಳಗೆ ಮಾತ್ರ ಇಲ್ಲ, ಮನುಷ್ಯರ ನಡುವಿನ ಸಂಬಂಧದಲ್ಲಿದೆ ಎಂದುಕೊಂಡು ಅವರು ಇನ್ನಷ್ಟು ಜನರನ್ನು ಸೇರಿಸಿ 1920ರ ದಶಕದಲ್ಲಿ ‘ಗುಂಪು ವಿಶ್ಲೇಷಣೆ’ ಆರಂಭಿಸಿದರು. ಮನೋವಿಶ್ಲೇಷಣೆಯ ಮೂಲಪುರುಷ ಫ್ರಾಯ್ಡ್ ಇದನ್ನು ಮೆಚ್ಚಲಿಲ್ಲ. ಅಮೆರಿಕದ ಮನೋವಿಶ್ಲೇಷಕರ ಸಂಘಕ್ಕೆ ಒಮ್ಮೆ ಅಧ್ಯಕ್ಷರಾಗಿದ್ದ ಬರೋ ಕೆಲವೇ ವರ್ಷಗಳಲ್ಲಿ ಅದರಿಂದ ಹೊರಗಾದರು. ತನ್ನ ಕುರ್ಚಿಯಿಂದ ಇಳಿದು ಶಿಷ್ಯನ ಮುಂದೆ ಕುಳಿತ ಆ ಧೈರ್ಯಕ್ಕೆ ಅಂದು ಸಿಕ್ಕ ಮನ್ನಣೆ ಅಷ್ಟೇ.

ಅದಕ್ಕೂ ಮೊದಲು, 1913ರಲ್ಲಿ, ವಿಯೆನ್ನಾ ನಗರದ ಸ್ಪಿಟ್ಟೆಲ್‌ಬರ್ಗ್ ಬೀದಿಗಳಲ್ಲಿ ವೈದ್ಯಕೀಯ ವಿದ್ಯಾರ್ಥಿ ಜೇಕಬ್ ಮೊರೆನೊ ಒಬ್ಬ ವೈದ್ಯರನ್ನೂ ಒಬ್ಬ ಪತ್ರಿಕಾ ಪ್ರಕಾಶಕರನ್ನೂ ಜೊತೆಗೂಡಿಸಿಕೊಂಡು ವೇಶ್ಯಾವೃತ್ತಿಯಲ್ಲಿದ್ದ ಹೆಂಗಸರ ಸಣ್ಣ ಸಣ್ಣ ಗುಂಪುಗಳನ್ನು ಕಟ್ಟಿದ್ದರು. ಪತ್ರಿಕೆಯವರೊಬ್ಬರು ಈ ಚಿಕಿತ್ಸೆಯ ತೊಟ್ಟಿಲಲ್ಲೇ ಇದ್ದರೆಂಬುದನ್ನು ತಮಗೆ ಬರೆಯುವಾಗ ನೆನೆಯುವುದು ನನಗೆ ಸಂತೋಷ. ಆ ಹೆಂಗಸರು ಮೊದಲು ಬಂದದ್ದು ಪೊಲೀಸರ ಕಾಟ, ಗುಹ್ಯರೋಗ, ಮಕ್ಕಳ ಪಾಲನೆಯಂಥ ಹೊರಗಿನ ತೊಂದರೆಗಳಿಗೆ ಪರಿಹಾರ ಕೇಳಲು. ವಾರಗಳು ಕಳೆದಂತೆ ಒಬ್ಬರ ಮಾತಿಗೆ ಇನ್ನೊಬ್ಬರು ಔಷಧವಾಗುವುದನ್ನು ಮೊರೆನೊ ಕಂಡರು. ಅಮೆರಿಕಕ್ಕೆ ವಲಸೆ ಹೋದ ಮೇಲೆ 1930ರ ದಶಕದ ಆರಂಭದಲ್ಲಿ ‘ಗುಂಪು ಮನೋಚಿಕಿತ್ಸೆ’ ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಇತ್ತ ನ್ಯೂಯಾರ್ಕಿನಲ್ಲಿ ಸ್ಯಾಮ್ಯುಯೆಲ್ ಸ್ಲಾವ್ಸನ್ 1934ರಿಂದ ಮಕ್ಕಳ ಗುಂಪುಗಳನ್ನು ಆಟ, ಕೈಕೆಲಸಗಳ ಮೂಲಕ ನಡೆಸಿದರು. 1942ರಲ್ಲಿ ಇಬ್ಬರೂ ಬೇರೆ ಬೇರೆ ಸಂಘಗಳನ್ನು ಕಟ್ಟಿದರು.

ಎರಡನೆಯ ಮಹಾಯುದ್ಧ ಈ ವಿದ್ಯೆಗೆ ದೊಡ್ಡ ತಿರುವು ಕೊಟ್ಟಿತು. ಮನಸ್ಸು ಕುಸಿದ ಸೈನಿಕರಿಂದ ತುಂಬಿದ್ದ ಬರ್ಮಿಂಗ್‌ಹ್ಯಾಮಿನ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ ಮನೋವೈದ್ಯರಾದ ವಿಲ್‌ಫ್ರೆಡ್ ಬಿಯಾನ್ ಮತ್ತು ಜಾನ್ ರಿಕ್‌ಮನ್ ವಾರ್ಡಿನ ಜವಾಬ್ದಾರಿಯನ್ನು ರೋಗಿಗಳ ಗುಂಪುಗಳಿಗೇ ಒಪ್ಪಿಸಿದ ಪ್ರಯೋಗವನ್ನು ಸೇನೆ ಆರೇ ವಾರದಲ್ಲಿ ನಿಲ್ಲಿಸಿತು. ಆದರೂ ಅದೇ ಆಸ್ಪತ್ರೆಗೆ ಬಂದ ಎಸ್. ಎಚ್. ಫೌಕ್ಸ್, ಟಾಮ್ ಮೇನ್ ಮೊದಲಾದವರು ನಿಧಾನವಾಗಿ, ಎಲ್ಲರನ್ನೂ ಒಪ್ಪಿಸಿಕೊಂಡು ಅದನ್ನು ಬೆಳೆಸಿದರು. ಹಿಟ್ಲರನ ಜರ್ಮನಿಯಿಂದ 1933ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಫೌಕ್ಸ್ ಈ ಕೆಲಸ ಶುರು ಮಾಡಿದ್ದು ಯುದ್ಧದ ಮೊದಲ ದಿನಗಳಲ್ಲಿ, ಎಕ್ಸೆಟರ್ ಊರಿನಲ್ಲಿ, ತಮ್ಮ ಬಳಿ ಒಬ್ಬೊಬ್ಬರಾಗಿ ಬರುತ್ತಿದ್ದ ರೋಗಿಗಳನ್ನು ಒಟ್ಟಿಗೆ ಕೂರಿಸುವ ಮೂಲಕ. ಅವರು ರೂಪಿಸಿದ ಕ್ರಮ ಸರಳ: ಒಬ್ಬರಿಗೊಬ್ಬರು ಪರಿಚಯವಿಲ್ಲದ ಏಳೆಂಟು ಜನ, ದುಂಡಗೆ ಇಟ್ಟ ಕುರ್ಚಿಗಳು, ನಿಗದಿತ ದಿನ, ನಿಗದಿತ ಹೊತ್ತು. ನಡೆಸುವವರು ಉತ್ತರ ಹೇಳುವವರಲ್ಲ, ಮಾತು ಹರಿಯಲು ದಾರಿ ಮಾಡಿಕೊಡುವವರು. ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೊಮ್ 1970ರಲ್ಲಿ ಪ್ರಕಟಿಸಿದ ಗ್ರಂಥವು ಗುಂಪು ಏಕೆ ಗುಣಪಡಿಸುತ್ತದೆಂಬುದಕ್ಕೆ ಹಲವು ಕಾರಣಗಳನ್ನು ಗುರುತಿಸಿದೆ. ಈ ಕಷ್ಟ ನನಗೊಬ್ಬಳಿಗೇ ಬಂದದ್ದಲ್ಲ ಎಂಬ ಅರಿವು, ನನ್ನಿಂದಲೂ ಇನ್ನೊಬ್ಬರಿಗೆ ಉಪಕಾರವಾಗುತ್ತದೆಂಬ ಅರಿವು, ಇವೆರಡನ್ನೂ ಅವರು ಮುಖ್ಯವೆಂದು ಎಣಿಸಿದರು. ಒಬ್ಬ ವೈದ್ಯ ಎಷ್ಟೇ ಜಾಣನಾದರೂ ಮುಚ್ಚಿದ ಕೋಣೆಯಲ್ಲಿ ಒಬ್ಬ ರೋಗಿಗೆ ಈ ಎರಡನ್ನು ಕೊಡಲಾರ. ಗುಂಪು ಚಿಕಿತ್ಸೆ ಎರಡನೇ ದರ್ಜೆಯದಲ್ಲವೆಂದು ನಾನು ಹೇಳುವುದು ಈ ಆಧಾರದ ಮೇಲೆಯೇ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ ಹೇಳುತ್ತೇನೆ. ಮನೋವೈದ್ಯರ ಮಾರ್ಗದರ್ಶನದಲ್ಲಿ ಒಂದು ಕಡೆ ನಾವು ಪ್ರತಿ ಗುರುವಾರ ಬೆಳಿಗ್ಗೆ 11 ಗಂಟೆಗೆ ಎಂಟು ಜನ ಹೆಂಗಸರ ಗುಂಪು ನಡೆಸುತ್ತಿದ್ದೆವು. ಬೇರೆ ಬೇರೆ ಊರಿನವರು, ಎಲ್ಲರೂ ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದವರು. ತೊಗರಿ ಕೈಕೊಟ್ಟ ವರ್ಷ ಸಾಲದ ಬಾಧೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಐದು ಗುರುವಾರ ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತ, ಒಂದು ಮಾತೂ ಆಡದೆ ಎದ್ದು ಹೋಗಿದ್ದಳು. ನಾನು ಕೇಳಿದ ಪ್ರಶ್ನೆಗೆಲ್ಲ ತಲೆಯಾಡಿಸುವುದಷ್ಟೇ. ಆರನೆಯ ವಾರ ಇನ್ನೊಬ್ಬಾಕೆ, ವಯಸ್ಸಿನಲ್ಲಿ ಹಿರಿಯಳು, ಗಂಡ ಹೋಗಿ ಎರಡು ವರ್ಷವಾದರೂ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಲೆಕ್ಕ ತಪ್ಪಿ ಎರಡು ರೊಟ್ಟಿ ಹೆಚ್ಚಿಗೆ ಬಡಿದುಬಿಡುತ್ತೇನೆಂದು ಹೇಳಿದಳು. ಅಷ್ಟರಲ್ಲಿ ಈ ಹೆಣ್ಣುಮಗಳು ತಲೆ ಎತ್ತಿ, ‘ಆ ಎರಡ್ ರೊಟ್ಟಿ ಏನ್ ಮಾಡ್ತಿ ಅಕ್ಕಾ?’ ಎಂದಳು. ‘ಮುಚ್ಚಿಡ್ತೀನವ್ವಾ. ಯಾರಿಗೂ ತಿನ್ಲಾಕ ಕೊಡಂಗಿಲ್ಲ’ ಎಂದಳು ಆಕೆ. ‘ನಾನೂ ಮುಚ್ಚಿಡ್ತೀನಿ’ ಎಂದು ಹೇಳಿ ಇವಳು ಅತ್ತಳು. ಅಂದು ನಾನು ಬಾಯಿ ತೆರೆಯಲಿಲ್ಲ, ತೆರೆಯುವ ಅಗತ್ಯವೂ ಬೀಳಲಿಲ್ಲ. ಆ ಪ್ರಶ್ನೆ ನನಗೆ ಹೊಳೆಯುವಂಥದ್ದಾಗಿರಲಿಲ್ಲ, ಯಾವ ಡಾಕ್ಟರ್ ಸಾಹೇಬರಿಗೂ ಹೊಳೆಯುತ್ತಿರಲಿಲ್ಲ. ಮುಂದಿನ ಗುರುವಾರದಿಂದ ಅವರಿಬ್ಬರೂ ಒಂದೇ ಬಸ್ಸಿಗೆ ಕಾದು ಜೊತೆಯಾಗಿ ಬರತೊಡಗಿದರು.

ಆ ಗುಂಪು ನಿಂತುಹೋದದ್ದು ಹೇಗೆಂದೂ ಹೇಳಬೇಕು. ಯಾರ ಮೇಲೂ ದೂರಲು ಅಲ್ಲ, ಇಂಥದು ಮತ್ತೆ ಆಗಬಾರದೆಂದು. ನಾವು ಕೂರುತ್ತಿದ್ದ ಕೋಣೆ ಸಲೈನ್ ಬಾಟಲಿಯ ಪೆಟ್ಟಿಗೆಗಳನ್ನು ಇಡಲು ಬೇಕಾಯಿತು. ಬದಲಿಗೆ ಸಭಾಂಗಣದ ಒಂದು ಮೂಲೆ ಕೊಟ್ಟರು, ಅಲ್ಲಿ ಜನ ಓಡಾಡುತ್ತಿದ್ದರು. ಒಂದು ದಿನ ವರದಿಗೆ ಲಗತ್ತಿಸಲು ಫೋಟೊ ಬೇಕೆಂದು ಹೇಳಿ ಒಬ್ಬರು ಮೊಬೈಲು ಹಿಡಿದು ಒಳಬಂದರು. ನಾನು ಬೇಡವೆನ್ನುವಷ್ಟರಲ್ಲಿ ಎಂಟೂ ಜನ ಸೆರಗು ಎಳೆದುಕೊಂಡು ಮುಖ ಮುಚ್ಚಿಕೊಂಡಿದ್ದರು. ಮುಂದಿನ ವಾರ ಮೂವರು ಬಂದರು, ಅದರ ಮುಂದಿನ ವಾರ ಒಬ್ಬಳು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ರೋಗಿಯ ವಿವರ ಗೋಪ್ಯವಾಗಿಡುವುದನ್ನು ಹಕ್ಕೆಂದು ಹೇಳಿದೆ. ಆ ಕಾಯ್ದೆಯ ಪ್ರತಿ ಓದದವರಿಗೂ ಸೆರಗು ಎಳೆದುಕೊಂಡ ಆ ಎಂಟು ಕೈಗಳು ಅದನ್ನೇ ಹೇಳಿದ್ದವು.

ಡಾಕ್ಟರರಿಲ್ಲದೆ ಹಳ್ಳಿಗಳಲ್ಲಿ ಇದು ನಡೆಯುವುದಿಲ್ಲ ಎನ್ನುವವರು ಆಫ್ರಿಕಾದ ಉಗಾಂಡಾ ದೇಶದ ಅನುಭವ ನೋಡಬೇಕು. ಅಲ್ಲಿನ 30 ಹಳ್ಳಿಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರೇ ವಾರಕ್ಕೊಮ್ಮೆ ಒಂದೂವರೆ ತಾಸಿನಂತೆ 16 ವಾರ ಗುಂಪು ನಡೆಸಿದರು. ಹೆಂಗಸರ ಗುಂಪು ಬೇರೆ, ಗಂಡಸರ ಗುಂಪು ಬೇರೆ. ಕೊನೆಗೆ ಗುಂಪಿನಲ್ಲಿದ್ದವರಲ್ಲಿ ಶೇ 6.5ರಷ್ಟು ಜನರಲ್ಲಿ ಮಾತ್ರ ತೀವ್ರ ಖಿನ್ನತೆ ಉಳಿದಿತ್ತು, ಗುಂಪಿಲ್ಲದ ಹಳ್ಳಿಗಳವರಲ್ಲಿ ಅದು ಶೇ 54.7. ಈ ವಿಧಾನದ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದಿದೆ. ನಮ್ಮ ದೇಶದಲ್ಲೇ ಜಾರ್ಖಂಡ್, ಒಡಿಶಾದ ಆದಿವಾಸಿ ಪ್ರದೇಶಗಳಲ್ಲಿ ‘ಏಕ್‌ಜುಟ್’ ಸಂಸ್ಥೆ ತಾಯಿ-ಮಗುವಿನ ಆರೋಗ್ಯಕ್ಕಾಗಿ ನಡೆಸಿದ ಮಹಿಳಾ ಗುಂಪುಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದರ ಗುರಿ ಖಿನ್ನತೆಯಾಗಿರದಿದ್ದರೂ, ಮೂರನೆಯ ವರ್ಷದ ಹೊತ್ತಿಗೆ ತಾಯಂದಿರಲ್ಲಿ ಮಧ್ಯಮ ಪ್ರಮಾಣದ ಖಿನ್ನತೆ ಶೇ 57ರಷ್ಟು ಕಡಿಮೆ ಕಂಡುಬಂತು. ಇನ್ನೂ ಹಿಂದೆ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡು, ರೋಗಿಗಳನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿ ಮಾತನಾಡುತ್ತಿದ್ದರು.

ಬಸವಕಲ್ಯಾಣದ ಅನುಭವ ಮಂಟಪವೇ ಜಗತ್ತಿನ ಮೊದಲ ಗುಂಪು ಚಿಕಿತ್ಸೆ ಎಂದು ನಮ್ಮ ವೇದಿಕೆಗಳಲ್ಲಿ ಹೇಳುವುದುಂಟು. ಶರಣರನ್ನು ನಿತ್ಯ ನೆನೆಯುವ ಮನೆಯಲ್ಲಿ ಹುಟ್ಟಿದ ನನಗೂ ಆ ಮಾತು ಒಪ್ಪಿಗೆಯಾಗುವುದಿಲ್ಲ. ಶರಣರು ರೋಗಿಗಳಾಗಿ ಅಲ್ಲಿ ಸೇರಿದವರಲ್ಲ. ಅವರ ಚಿಂತನೆಯನ್ನು ಚಿಕಿತ್ಸೆಯೆಂದರೆ ಅದರ ವ್ಯಾಪ್ತಿ ಕುಗ್ಗುತ್ತದೆ, ನೂರು ವರ್ಷ ಎಡವಿ ಎದ್ದು ಕಲಿತ ಒಂದು ವಿದ್ಯೆಯನ್ನು ನಾವು ಕಲಿಯದೇ ಇರಲು ಅದೊಂದು ನೆವವೂ ಆಗುತ್ತದೆ. ಸ್ತ್ರೀಶಕ್ತಿ ಸಂಘಗಳಲ್ಲೇ ಇದನ್ನು ಮಾಡಬಹುದೆಂಬ ಸಲಹೆಯೂ ಇದೆ. ಒಂದೇ ಓಣಿಯವರು, ಸಾಲದ ಲೆಕ್ಕ ಇರುವವರು, ನಾದಿನಿ ನೆಗೆಣ್ಣಿಯರು ಕೂಡಿರುವ ಕಡೆ ಒಬ್ಬಳು ಗಂಡನ ಕುಡಿತದ ವಿಷಯ ಬಾಯಿಬಿಟ್ಟರೆ ಸಂಜೆಯೊಳಗೆ ಅದು ಊರಿಗೆಲ್ಲ ಹಬ್ಬುತ್ತದೆ. ಉಗಾಂಡಾದಲ್ಲಿ ಒಂದೇ ಹಳ್ಳಿಯವರ ಗುಂಪುಗಳು ಯಶಸ್ವಿಯಾದದ್ದು ನಿಜವಾದರೂ, ನಮ್ಮಲ್ಲಿ ಮೊದಲಿಗೆ ಬೇರೆ ಬೇರೆ ಊರಿನವರನ್ನು ತಾಲ್ಲೂಕು ಕೇಂದ್ರದಲ್ಲಿ ಸೇರಿಸುವುದೇ ಲೇಸೆಂಬುದು ನನ್ನ ಅನುಭವದ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆಯೂ ಇಲ್ಲ.

ಎಲ್ಲರಿಗೂ ಗುಂಪು ಸಲ್ಲುವುದಿಲ್ಲವೆಂಬುದನ್ನೂ ಮುಚ್ಚಿಡಬಾರದು. ಭ್ರಮೆ ತೀವ್ರವಾಗಿರುವವರಿಗೆ, ಜೀವ ಕಳೆದುಕೊಳ್ಳುವ ಯೋಚನೆಯ ಅಂಚಿನಲ್ಲಿರುವವರಿಗೆ ಮೊದಲು ಬೇಕಾದ್ದು ವೈದ್ಯರು, ಔಷಧ. ಅಂಥವರು 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಹಗಲಿರುಳೂ ಮಾತನಾಡಲು ಜನರಿರುತ್ತಾರೆ. ಗುಂಪಿಗೆ ಬಂದವರು ಗುಳಿಗೆ ಬಿಡುವಂತೆಯೂ ಇಲ್ಲ. ತರಬೇತಿಯಿಲ್ಲದವರು ಗುಂಪು ನಡೆಸಿದರೆ ಹಳೆಯ ಗಾಯ ಕೆದಕಿ ಹಾಗೆಯೇ ಬಿಟ್ಟು ಕಳುಹಿಸಿದಂತಾಗುತ್ತದೆ.

ಆದ್ದರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗಳಲ್ಲಿಯೂ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರಲ್ಲಿಯೂ ನನ್ನ ಬೇಡಿಕೆ ಇಷ್ಟು. ಮೂರೂ ಜಿಲ್ಲೆಗಳ ಒಂದೊಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಎರಡು ತಾಸು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಮೀಸಲಿಡಿ. ಹತ್ತು ಕುರ್ಚಿ ಸಾಕು. ವೇದಿಕೆ, ಮೈಕು, ಬ್ಯಾನರು ಬೇಡ. ಇಬ್ಬರು ಶುಶ್ರೂಷಕಿಯರನ್ನೋ ಆಪ್ತಸಮಾಲೋಚಕರನ್ನೋ ನಿಮ್ಹಾನ್ಸಿಗೆ ಕಳುಹಿಸಿ ತರಬೇತಿ ಕೊಡಿಸಿ, ಕನಿಷ್ಠ ಎರಡು ವರ್ಷ ಅವರನ್ನು ಬೇರೆ ಕೆಲಸಕ್ಕೆ ಎಳೆಯಬೇಡಿ. ವರದಿಗೆ ಬಂದವರ ಸಂಖ್ಯೆಯನ್ನು ಬರೆದುಕೊಳ್ಳಿ, ಫೋಟೊ ಕೇಳಬೇಡಿ. ಮನೋವೈದ್ಯರು ತಿಂಗಳಿಗೊಮ್ಮೆ ಬಂದು ಗುಂಪು ನಡೆಸುವವರ ಜೊತೆ ಕುಳಿತು, ಅವರಿಗೆ ಎಲ್ಲಿ ತೊಡಕಾಯಿತೆಂದು ಕೇಳಿ ತಿದ್ದಿದರೆ ಸಾಕು. ಆರಂಭದ ಆರು ತಿಂಗಳು ಹೊಸಬರ ಜೊತೆ ಕೂರಲು ನಾನು ಸಿದ್ಧಳಿದ್ದೇನೆ, ಸಂಬಳ ಬೇಡ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ. ಕೇಳಿದವರಿಗೆ ದಯವಿಟ್ಟು ಕೊಡಬೇಕು. ಗುರುವಾರವಾದರೆ ಬೆಳಿಗ್ಗೆ 11ರೊಳಗೆ ಯಾವ ತಾಲ್ಲೂಕಿಗಾದರೂ ತಲುಪುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ, ಕಲಬುರಗಿ